ಬೆಳಕಿನ ಟೋಪಿಯ ಪರೀಕ್ಷೆಯಿಂದ ಮೆದುಳಿನ ಕಾಯಿಲೆ ಪತ್ತೆಯಾಗುತ್ತದೆಯೇ?

ಮರೆವು ಹೆಚ್ಚುತ್ತಿರುವ ನಿಮ್ಮ ತಂದೆಯವರಿಗೆ ಎಂಆರ್‌ಐ ಬದಲು ನಿಯರ್ ಇನ್‌ಫ್ರಾರೆಡ್ (ಕೆಂಪಿನಾಚೆಯ, ಬಹುಮಟ್ಟಿಗೆ ಕಣ್ಣಿಗೆ ಕಾಣದ) ಬೆಳಕನ್ನು ತಲೆಯೊಳಗೆ ಹಾಯಿಸಿ ಅಳೆಯುವ ಟೋಪಿಯ ಪರೀಕ್ಷೆ ಸಾಕೇ ಎಂದು ಕೇಳಿದ್ದೀರಿ. ಸಾಲದು ಎಂಬುದೇ ನನ್ನ ಉತ್ತರ. ಆದರೆ ತಂತ್ರವನ್ನೇ ಬೂಟಾಟಿಕೆ ಎಂದು ತಳ್ಳಿಹಾಕುವುದೂ ಸರಿಯಲ್ಲ.

ಸುಮಾರು 650ರಿಂದ 900 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ನೀರಾಗಲಿ ರಕ್ತವಾಗಲಿ ಅಷ್ಟಾಗಿ ಹೀರಿಕೊಳ್ಳದ ಕಾರಣ, ಅದು ಚರ್ಮ ಮತ್ತು ತಲೆಬುರುಡೆಯನ್ನು ಹಾದು ಮೆದುಳಿನ ಮೇಲ್ಪದರವನ್ನು ಮುಟ್ಟುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಮತ್ತು ಅದನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಈ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುವುದರಿಂದ, ಹಿಂದಿರುಗುವ ಬೆಳಕನ್ನು ಎರಡು ತರಂಗಾಂತರಗಳಲ್ಲಿ ಅಳೆದರೆ ಅಲ್ಲಿನ ರಕ್ತದ ಆಮ್ಲಜನಕ ಹೇಗೆ ಏರಿಳಿಯುತ್ತಿದೆ ಎಂದು ಲೆಕ್ಕ ಹಾಕಬಹುದು. ಇದು ಸಾಧ್ಯವೆಂದು ಡ್ಯೂಕ್ ವಿಶ್ವವಿದ್ಯಾಲಯದ ಫ್ರಾನ್ಸ್ ಯೋಬ್ಸಿಸ್ 1977ರಲ್ಲೇ ತೋರಿಸಿದ್ದರು.

ತೊಡಕಿರುವುದು ಆಳದಲ್ಲಿ. ಬೆಳಕಿನ ಮೂಲ ಮತ್ತು ಅದನ್ನು ಹಿಡಿಯುವ ಸಂವೇದಕದ ನಡುವೆ ಸಾಮಾನ್ಯವಾಗಿ 3 ಸೆಂಟಿಮೀಟರ್ ಅಂತರವಿಡುತ್ತಾರೆ. ಹಾಗಿಟ್ಟಾಗ ವಯಸ್ಕರಲ್ಲಿ ಸಿಗುವುದು ಮೆದುಳಿನ ಹೊರಪದರದ ಸುದ್ದಿ ಮಾತ್ರ. ಅಂತರ ಹೆಚ್ಚಿಸಿದರೆ ಹಿಂದಿರುಗುವ ಬೆಳಕು ತೀರಾ ಕ್ಷೀಣಿಸುತ್ತದೆ. ಆಲ್‌ಝೈಮರ್ ಕಾಯಿಲೆಯಲ್ಲಿ ಮೊದಮೊದಲೇ ಸೊರಗುವ ಹಿಪೊಕ್ಯಾಂಪಸ್ (ನೆನಪಿಗೆ ಬೇಕಾದ ಮೆದುಳಿನ ಭಾಗ) ಇರುವುದು ಬಹಳ ಒಳಗೆ, ಈ ಬೆಳಕಿಗೆ ಎಟುಕದ ಜಾಗದಲ್ಲಿ. ಜೊತೆಗೆ ದಟ್ಟವಾದ ಕಪ್ಪು ಕೂದಲು ಬೆಳಕನ್ನು ನುಂಗುವುದರಿಂದ ಪ್ರತಿ ಸಂವೇದಕದ ಕೆಳಗೂ ಕೂದಲನ್ನು ಬಿಡಿಸಿ ಪಕ್ಕಕ್ಕೆ ಸರಿಸಬೇಕು. ರೋಗಿ ಹಲ್ಲು ಕಚ್ಚಿದರೂ ಹುಬ್ಬು ಗಂಟಿಕ್ಕಿದರೂ ನೆತ್ತಿಯ ಮತ್ತು ಹಣೆಯ ಚರ್ಮದ ರಕ್ತಸಂಚಾರ ಬದಲಾಗಿ, ಅದು ಮೆದುಳಿನ ಸಂಕೇತದಂತೆಯೇ ಕಾಣಿಸಿಕೊಳ್ಳಬಹುದು. ವರದಿಯಲ್ಲಿ ಅಚ್ಚಾಗುವ ಕೆಂಪು-ನೀಲಿ ಚಿತ್ರಗಳು ಇದನ್ನೆಲ್ಲ ಮರೆಸುವಷ್ಟು ಚಂದವಾಗಿರುತ್ತವೆ, ನನಗೆ ಅನುಮಾನ ಹುಟ್ಟಿಸುವುದೂ ಅವೇ.

ಇದು ನಿಜವಾಗಿ ಒದಗಿಬರುವ ಕಡೆಗಳು ಬೇರೆ. ತಲೆಬುರುಡೆ ತೆಳುವಾಗಿರುವ ನವಜಾತ ಶಿಶುಗಳಲ್ಲಿ, ಹೃದಯ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ, ಮೆದುಳಿಗೆ ಆಮ್ಲಜನಕ ತಲುಪುತ್ತಿದೆಯೇ ಎಂದು ಎಡೆಬಿಡದೆ ನಿಗಾ ಇಡಲು ವೈದ್ಯರು ಇದನ್ನು ಬಳಸುತ್ತಾರೆ. ತಲೆಗೆ ಪೆಟ್ಟಾದಾಗ ಎಡಬಲಗಳನ್ನು ಹೋಲಿಸಿ, ಮೆದುಳಿನ ಮೇಲ್ಮೈ ಬಳಿ ರಕ್ತ ಹೆಪ್ಪುಗಟ್ಟಿರುವ ಸುಳಿವು ಕೊಡುವ ಕೈಯಳತೆಯ ಉಪಕರಣಗಳೂ ಇವೆ. ಅದನ್ನು ಖಚಿತಪಡಿಸಲು ಸಿಟಿ ಸ್ಕ್ಯಾನ್ ಬೇಕೇ ಬೇಕು. ಜಪಾನಿನಲ್ಲಿ 2014ರಿಂದ ಖಿನ್ನತೆಯ ಲಕ್ಷಣಗಳಿರುವವರ ಕಾಯಿಲೆ ಯಾವುದೆಂದು ಬೇರ್ಪಡಿಸಿ ಗುರುತಿಸಲು ಈ ಪರೀಕ್ಷೆಗೆ ಆರೋಗ್ಯ ವಿಮೆ ಅನ್ವಯಿಸುತ್ತದೆಯಾದರೂ, ಅಲ್ಲಿಯೂ ಅದು ಮನೋವೈದ್ಯರ ತೀರ್ಮಾನಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ.

ಆದ್ದರಿಂದ ತಂದೆಯವರನ್ನು ಮೊದಲು ನರರೋಗ ತಜ್ಞರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್ ತೊಂದರೆಗಳಿಂದಲೂ ಮರೆವು ಬರುತ್ತದೆ, ಅವುಗಳಿಗೆ ಚಿಕಿತ್ಸೆಯಿದೆ, ಮತ್ತು ಅವು ಗೊತ್ತಾಗುವುದು ಸಾಧಾರಣ ರಕ್ತಪರೀಕ್ಷೆಯಲ್ಲಿ.