ಮೈ ಏಳುವ ಮುನ್ನ ಮನಸ್ಸು ಎದ್ದಾಗ

ಮಾನ್ಯರೇ,

ಯಾರೂ ಕಲಿಸದೆಯೇ, ಬಾಲ್ಯದಿಂದಲೂ, ಕನಸು ಕಾಣುತ್ತಿರುವಾಗಲೇ ‘ಇದು ಕನಸು’ ಎಂಬ ಅರಿವು ನಿಮಗೆ ಮೂಡುತ್ತದೆಂದೂ, ಬೇಕೆನಿಸಿದರೆ ಅದರ ದಿಕ್ಕನ್ನೇ ಬದಲಿಸುತ್ತೀರೆಂದೂ ಬರೆದಿದ್ದೀರಿ. ಅಂಥ ನಿಮಗೆ ಕೆಲವು ತಿಂಗಳಿಂದ ನಸುಕಿನಲ್ಲಿ ಕಣ್ಣು ಬಿಟ್ಟರೂ ಕೈಕಾಲು ಅಲ್ಲಾಡದಂತೆ, ಬಾಗಿಲ ಬಳಿ ಯಾರೋ ನಿಂತಂತೆ, ಬಳಿಕ ಎದೆಯ ಮೇಲೆಯೇ ಬಂದು ಕೂತಂತೆ ಆಗುತ್ತಿದೆ. ‘ಕನಸನ್ನು ಆಳಬಲ್ಲ ನನಗೆ ಇದನ್ನೇಕೆ ಓಡಿಸಲಾಗುತ್ತಿಲ್ಲ? ನನ್ನ ಶಕ್ತಿಯೇ ನನಗೆ ಮುಳುವಾಯಿತೇ?’ ಎಂಬುದು ನಿಮ್ಮ ಪ್ರಶ್ನೆ. ಹೆಸರು ಪ್ರಕಟಿಸಬಾರದೆಂಬ ನಿಮ್ಮ ಕೋರಿಕೆಯನ್ನು ಪಾಲಿಸಿದ್ದೇವೆ.

ಇದನ್ನು ಸ್ಲೀಪ್ ಪ್ಯಾರಾಲಿಸಿಸ್ ಎನ್ನುತ್ತಾರೆ. ‘ನಿದ್ರಾ ಪಾರ್ಶ್ವವಾಯು’ ಎಂಬ ಅನುವಾದ ಬಳಕೆಯಲ್ಲಿದ್ದರೂ ನಾನು ಅದನ್ನು ಬಳಸಲಾರೆ. ನಿಜವಾದ ಪಾರ್ಶ್ವವಾಯುವಿಗೂ ಇದಕ್ಕೂ ಸಂಬಂಧವಿಲ್ಲ, ಮೊದಲೇ ಹೆದರಿದವರನ್ನು ಆ ಹೆಸರು ಇನ್ನಷ್ಟು ಹೆದರಿಸುತ್ತದೆ. 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಆಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಅವರು, ಮುಚ್ಚಿದ ರೆಪ್ಪೆಯಡಿ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ನಿದ್ರೆಯ ಒಂದು ಹಂತವನ್ನು ವರದಿ ಮಾಡಿದರು. ಅದೇ ರೆಮ್ ನಿದ್ರೆ. ನಮ್ಮ ಅತ್ಯಂತ ಜೀವಂತ ಕನಸುಗಳು ಬೀಳುವುದು ಆಗಲೇ. ಕನಸಿನಲ್ಲಿ ಓಡಿದ್ದನ್ನು ಹಾಸಿಗೆಯಲ್ಲಿಯೂ ಓಡದಿರಲೆಂದು, ಮಿದುಳಿನ ಕಾಂಡಭಾಗವು ಆ ಹೊತ್ತಿನಲ್ಲಿ ಬೆನ್ನುಹುರಿಯ ಚಾಲಕ ನರಕೋಶಗಳನ್ನು ತಡೆದು, ಸ್ನಾಯುಗಳನ್ನು ಸಡಿಲವಾಗಿ ಬಿಟ್ಟುಬಿಡುತ್ತದೆ. ಮನಸ್ಸು ಎಚ್ಚೆತ್ತ ಮೇಲೂ ಆ ತಡೆ ಕೆಲವು ಕ್ಷಣಗಳಿಂದ ಒಂದೆರಡು ನಿಮಿಷದವರೆಗೆ ಉಳಿದುಬಿಟ್ಟರೆ ನಿಮಗಾದದ್ದೇ ಆಗುತ್ತದೆ. ರಾತ್ರಿ ಕಳೆದಂತೆ ರೆಮ್ ಹಂತಗಳು ದೀರ್ಘವಾಗುವುದರಿಂದ ನಸುಕಿನ ಹೊತ್ತಿಗೆ ಅದು ಕಾಡುವುದರಲ್ಲಿ ಅಚ್ಚರಿಯಿಲ್ಲ.

ಎದೆಯ ಮೇಲಿನ ಭಾರದ ಬಗ್ಗೆ ನೀವು ಹೆಚ್ಚು ಕಳವಳಗೊಂಡಿರುವುದರಿಂದ ಅದನ್ನು ಬಿಡಿಸಿ ಹೇಳುತ್ತೇನೆ. ರೆಮ್ ನಿದ್ರೆಯಲ್ಲಿ ಪಕ್ಕೆಲುಬುಗಳ ನಡುವಿನ ಸ್ನಾಯುಗಳೂ ಸಡಿಲಗೊಳ್ಳುತ್ತವೆ, ಆದರೆ ಉಸಿರಾಟದ ಮುಖ್ಯ ಸ್ನಾಯುವಾದ ವಪೆ ತನ್ನ ಕೆಲಸವನ್ನು ನಿಲ್ಲಿಸುವುದಿಲ್ಲ. ಉಸಿರು ನಡೆಯುತ್ತಲೇ ಇರುತ್ತದೆ. ಬೇಕೆಂದೇ ಆಳವಾಗಿ ಎಳೆದುಕೊಳ್ಳಲು ಹೋದಾಗ ಮಾತ್ರ ಎದೆ ಮಾತು ಕೇಳುವುದಿಲ್ಲ. ಆ ಕೇಳದಿರುವಿಕೆಯೇ ‘ಯಾರೋ ಅದುಮುತ್ತಿದ್ದಾರೆ’ ಎಂಬ ಅನುಭವವಾಗುತ್ತದೆ, ಭಯದಲ್ಲಿ ಎಚ್ಚೆತ್ತ ಮಿದುಳು ಅದುಮುವವನೊಬ್ಬನನ್ನು ಕನಸಿನ ಸಾಮಗ್ರಿಯಿಂದಲೇ ಕಟ್ಟಿಕೊಡುತ್ತದೆ.

ನಿಮ್ಮ ಹತೋಟಿ ಇಲ್ಲಿ ಸೋಲುವುದು ಇದೇ ಕಾರಣಕ್ಕೆ. ಲೂಸಿಡ್ ಡ್ರೀಮ್‌ನಲ್ಲಿ, ಅಂದರೆ ಅರಿವಿನ ಕನಸಿನಲ್ಲಿ, ನೀವು ಆಜ್ಞಾಪಿಸುವುದು ಮನಸ್ಸೇ ಸೃಷ್ಟಿಸಿದ ಮೈಗೆ. ಇಲ್ಲಿ ಆಜ್ಞಾಪಿಸುತ್ತಿರುವುದು ತಡೆಹಿಡಿಯಲ್ಪಟ್ಟ ನಿಜವಾದ ಮೈಗೆ. ಸೆಣಸಿದಷ್ಟೂ ಗಾಬರಿ, ಗಾಬರಿಯಾದಷ್ಟೂ ಆ ಆಕೃತಿಗೆ ಬಲ. ಆದರೆ ನಿಮ್ಮಲ್ಲಿ ಹತೋಟಿಗಿಂತ ಹಿರಿದಾದ ಇನ್ನೊಂದು ಗುಣವಿದೆ: ಗುರುತಿಸುವುದು. ‘ಇದು ಕನಸು’ ಎಂದು ನಿದ್ದೆಯಲ್ಲೇ ಕಂಡುಕೊಳ್ಳುವ ನಿಮಗೆ, ‘ಇದು ಸ್ಲೀಪ್ ಪ್ಯಾರಾಲಿಸಿಸ್, ತಾನಾಗಿ ಬಿಡುತ್ತದೆ’ ಎಂದುಕೊಳ್ಳುವುದು ಬೇರೆಯವರಿಗಿಂತ ಸುಲಭವಾಗಬೇಕು. ಅಷ್ಟಾದ ಮೇಲೆ ಏಳಲು ಯತ್ನಿಸಬೇಡಿ, ಉಸಿರನ್ನು ಅದರ ಪಾಡಿಗೆ ಬಿಡಿ, ಆಕೃತಿಯನ್ನು ದಿಟ್ಟಿಸದೆ ನಿಮಗೆ ಅತ್ಯಂತ ಪ್ರಿಯವಾದ ಒಂದು ಮುಖವನ್ನೋ ನೆನಪನ್ನೋ ಹಿಡಿದು ಮನಸ್ಸನ್ನು ಅದರಲ್ಲೇ ನಿಲ್ಲಿಸಿ. ಬಾಲಂದ್ ಜಲಾಲ್ ಎಂಬ ಸಂಶೋಧಕರು 2016ರಲ್ಲಿ ಸೂಚಿಸಿದ ವಿಧಾನದ ತಿರುಳೂ ಇದೇ. ಹಗಲಿನಲ್ಲಿ ಮಲಗಿಕೊಂಡು ಇದನ್ನು ಹಲವು ಸಲ ಅಭ್ಯಾಸ ಮಾಡಿ, ಏಕೆಂದರೆ ಗಾಬರಿಯ ಹೊತ್ತಿನಲ್ಲಿ ಹೊಸದೇನನ್ನೂ ಕಲಿಯಲಾಗುವುದಿಲ್ಲ. ಪೂರ್ತಿ ಸೆರೆಯಾದೆನೆಂಬ ಭಾವ ಬಂದರೆ ಕಣ್ಣುಗಳನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ನೋಡಿ. ಆ ತಡೆ ಕಣ್ಣಿನ ಸ್ನಾಯುಗಳಿಗೆ ತಟ್ಟುವುದಿಲ್ಲ. 1975ರಲ್ಲಿ ಇಂಗ್ಲೆಂಡಿನ ಕೀತ್ ಹರ್ನ್ ಅವರ ಪ್ರಯೋಗದಲ್ಲಿ ಅರಿವಿನ ಕನಸು ಕಾಣುತ್ತಿದ್ದ ವ್ಯಕ್ತಿ ಹೊರಗಿನವರಿಗೆ ಸಂಕೇತ ಕಳಿಸಿದ್ದೂ ಮೊದಲೇ ಗೊತ್ತುಮಾಡಿಕೊಂಡಿದ್ದ ಕಣ್ಣಿನ ಚಲನೆಯ ಮೂಲಕವೇ.

ಇನ್ನು, ನಿಮ್ಮ ಪತ್ರದ ಕೊನೆಯಲ್ಲಿ ಬಂದು ಹೋಗುವ ಒಂದು ಸಾಲು ನನ್ನನ್ನು ತಡೆದು ನಿಲ್ಲಿಸಿತು. ಅರಿವಿನ ಕನಸುಗಳು ಹೆಚ್ಚಲೆಂದು ನಾಲ್ಕು ಗಂಟೆಗೆ ಅಲಾರಂ ಇಟ್ಟು ಎದ್ದು, ಸ್ವಲ್ಪ ಹೊತ್ತಿನ ಬಳಿಕ ಅಂಗಾತ ಮಲಗಿ ಮತ್ತೆ ನಿದ್ದೆಗೆ ಜಾರುವ ರೂಢಿಯನ್ನು ಈ ವರ್ಷ ಆರಂಭಿಸಿದ್ದಾಗಿ ಹೇಳಿದ್ದೀರಿ. ಉತ್ತರ ಬಹುಮಟ್ಟಿಗೆ ಅಲ್ಲೇ ಇದೆಯೆಂದು ನನಗನಿಸುತ್ತದೆ. ನಿದ್ದೆಯನ್ನು ನಡುವೆ ಮುರಿದು ಮತ್ತೆ ಮಲಗಿಸುವ ಮೂಲಕ ಜಪಾನಿನ ಸಂಶೋಧಕರು 1992ರ ಹೊತ್ತಿಗೇ ಪ್ರಯೋಗಾಲಯದಲ್ಲಿ ಸ್ಲೀಪ್ ಪ್ಯಾರಾಲಿಸಿಸನ್ನು ಬರಿಸಿ ತೋರಿಸಿದ್ದರು. ಅಂಗಾತ ಮಲಗಿದಾಗ ಅದು ಹೆಚ್ಚಾಗಿ ಬರುವುದೂ ತಿಳಿದ ಸಂಗತಿ. ಹಾಗಾಗಿ ಮುಳುವಾಗಿರುವುದು ಹುಟ್ಟಿನಿಂದ ಬಂದ ನಿಮ್ಮ ಗುಣವಲ್ಲ, ಆ ಅಲಾರಂ. ದಯವಿಟ್ಟು ಅದನ್ನು ನಿಲ್ಲಿಸಿ, ಮಗ್ಗುಲಾಗಿ ಮಲಗಿ, ಮಲಗುವ ಮತ್ತು ಏಳುವ ವೇಳೆಯನ್ನು ರಜೆಯ ದಿನವೂ ತಪ್ಪಿಸಬೇಡಿ. ಈ ಸ್ಥಿತಿಯನ್ನೇ ಅರಿವಿನ ಕನಸಿಗೆ ಬಾಗಿಲಾಗಿ ಬಳಸಿಕೊಳ್ಳುವವರು ಇದ್ದಾರೆ, ಆದರೆ ಭಯ ಇಷ್ಟು ಹಸಿಯಾಗಿರುವಾಗ ಆ ಪ್ರಯೋಗಕ್ಕೆ ಇಳಿಯುವುದು ಸರಿಯಲ್ಲ.

ನಿಮ್ಮೊಬ್ಬರಿಗೇ ಹೀಗಾಗುತ್ತಿದೆ ಎಂಬ ಕೊರಗೂ ಬೇಡ. 2011ರಲ್ಲಿ ಪ್ರಕಟವಾದ ಒಂದು ಸಮೀಕ್ಷಾ ಲೇಖನದ ಪ್ರಕಾರ, ಜನಸಾಮಾನ್ಯರಲ್ಲಿ ಸುಮಾರು ಶೇ. 8ರಷ್ಟು ಮಂದಿಗೆ, ವಿದ್ಯಾರ್ಥಿಗಳಲ್ಲಿ ಶೇ. 28ರಷ್ಟು ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಆಗಿದೆ. ಆದರೆ ಹಗಲಿನಲ್ಲಿ ತಡೆಯಲಾಗದ ನಿದ್ದೆ ಬರುತ್ತಿದ್ದರೆ, ಜೋರಾಗಿ ನಕ್ಕಾಗ ಮಂಡಿ ಕುಸಿದಂತಾದರೆ, ಇಲ್ಲವೇ ಮಲಗಲೇ ಹೆದರಿಕೆಯಾಗುವಷ್ಟು ಇದು ಮರುಕಳಿಸಿದರೆ, ನಿದ್ರಾ ತಜ್ಞರನ್ನು ಕಾಣುವುದನ್ನು ಮುಂದೂಡಬೇಡಿ. ಮೊದಲೆರಡು ನಾರ್ಕೊಲೆಪ್ಸಿ ಎಂಬ ಕಾಯಿಲೆಯ ಲಕ್ಷಣಗಳಿರಬಹುದು.

ಮನೆಯವರಿಗೆ ಹೇಳಿಲ್ಲ ಎಂದಿದ್ದೀರಿ, ಹೇಳಿ. ಆ ಹೊತ್ತಿನಲ್ಲಿ ಯಾರಾದರೂ ಭುಜ ಮುಟ್ಟಿದರೆ ಹಲವರಿಗೆ ಅಲ್ಲಿಗೇ ಬಿಡುಗಡೆಯಾಗುತ್ತದೆ. ನಿಮ್ಮ ನರಳಾಟವೋ ಉಸಿರಿನ ಏರಿಳಿತವೋ ಕೇಳಿಸಿದರೆ ಮುಟ್ಟಿ ಎಬ್ಬಿಸುವಂತೆ ಪಕ್ಕದಲ್ಲಿ ಮಲಗುವವರಿಗೆ ತಿಳಿಸಿಡಿ. ಅಲಾರಂ ನಿಲ್ಲಿಸಿದ ಒಂದು ತಿಂಗಳ ಬಳಿಕ ಹೇಗಿದೆಯೆಂದು ನಮಗೆ ಮತ್ತೊಮ್ಮೆ ಬರೆಯಿರಿ.

— ಸಂಪಾದಕ