ಖಾಲಿ ಬಿಟ್ಟ 'ಅನುಭವ'ದ ಕಾಲಂ

ಪುರಾತತ್ವ ಓದಿ ಕೆಲಸ ಸಿಗದೆ ನನ್ನ ಹತ್ತಿರ ಸಲಹೆಗೆ ಬರುವವರ ದೂರು ಹೆಚ್ಚುಕಮ್ಮಿ ಒಂದೇ. ಜಾಹೀರಾತಿನಲ್ಲಿ 'ಉತ್ಖನನದ ಅನುಭವ ಇರಬೇಕು' ಅಂತ ಇರುತ್ತದೆ. ಅದಕ್ಕೆ ರಜೆಯಲ್ಲಿ ಸಂಬಳವಿಲ್ಲದೆ ವಾರಗಟ್ಟಲೆ ದುಡಿಯಬೇಕು. ಎಷ್ಟೋ ತರಬೇತಿ ಶಿಬಿರಗಳಿಗೆ ಕೈಯಿಂದಲೇ ದುಡ್ಡು ಕಟ್ಟಬೇಕು. ರಜೆಯಲ್ಲಿ ದುಡಿದು ಮನೆಗೆ ಕೊಡಬೇಕಾದವರು ಎಲ್ಲಿಗೆ ಹೋಗಬೇಕು?

ಗುರುತು ಸಿಗದ ಹಾಗೆ ವಿವರ ಬದಲಿಸಿ ಒಂದು ಪ್ರಕರಣ ಹೇಳುತ್ತೇನೆ. ಮನೆಯಲ್ಲಿ ಮೊದಲು ಡಿಗ್ರಿ ಮಾಡಿದ ಹುಡುಗಿ. ಒಳ್ಳೆಯ ಅಂಕ. ಸಂದರ್ಶನಗಳಲ್ಲಿ ಮಾತ್ರ ಸೋಲು. "ಆತ್ಮವಿಶ್ವಾಸ ಕಮ್ಮಿ ಮೇಡಂ, ಅದೊಂದು ಸರಿಮಾಡಿ" ಅಂತ ಬಂದಿದ್ದಳು.

ಹಿಂದಿನ ಸಂದರ್ಶನವನ್ನು ಪ್ರಶ್ನೆ ಪ್ರಶ್ನೆಯಾಗಿ ಹೇಳಿಸಿದೆ. ಅಗೆಯುವಾಗ ದುಂಡಗಿನ ಕಪ್ಪು ಕಲೆ ಕಂಡರೆ ಏನು ಮಾಡುತ್ತೀರಿ ಅಂತ ಕೇಳಿದ್ದರಂತೆ. "ಕೈ ನಿಲ್ಲಿಸ್ತೀನಿ. ಕಂಬ ನೆಟ್ಟಿದ್ದ ಗುಳಿ ಇರಬಹುದು. ಕರಣೆಯಲ್ಲಿ ಮೆಲ್ಲಗೆ ಹೆರೆದು ಅಂಚು ನೋಡ್ತೀನಿ. ಫೋಟೊ, ಅಳತೆ ಆದಮೇಲೆ ಮೊದಲು ಅರ್ಧ ಭಾಗ ಮಾತ್ರ ತೆಗೀತೀನಿ" ಅಂದಿದ್ದಳು. ಇದನ್ನು ಎಲ್ಲಿ ಕಲಿತಿರಿ ಅಂತ ಮರುಪ್ರಶ್ನೆ ಬಂತು.

"ಪುಸ್ತಕದಲ್ಲಿ ಓದಿದೆ ಅಂದುಬಿಟ್ಟೆ ಮೇಡಂ. ಅಪ್ಪ ಕಲಿಸಿದ್ದು."

ಅಪ್ಪ ವರ್ಷಗಟ್ಟಲೆ ಉತ್ಖನನಗಳಲ್ಲಿ ದಿನಗೂಲಿ ಮಾಡಿದವರು. ಕಾಲೇಜು ರಜೆಯಲ್ಲಿ ಇವಳೂ ಅಲ್ಲಿಗೇ ಹೋಗಿ ಮಡಕೆ ಚೂರು ತೊಳೆದು, ವಿಂಗಡಿಸಿ, ನಂಬರ್ ಬರೆದವಳು. ಅರ್ಜಿಯಲ್ಲಿ ಮಾತ್ರ ಅನುಭವದ ಕಾಲಂ ಖಾಲಿ! ಯಾಕೆ ಅಂದೆ. "ಕೂಲಿಯವರ ಮಗಳು ಅಂತ ಗೊತ್ತಾದರೆ ಅಗೆಯೋಕೆ ಲಾಯಕ್ಕು ಅಂದ್ಕೊಳ್ತಾರೆ, ವರದಿ ಬರೆಯೋಕಲ್ಲ."

ಆತ್ಮವಿಶ್ವಾಸದ ಮಾತು ಅಲ್ಲಿಗೇ ಬಿಟ್ಟೆ. ಈಜಿಪ್ಟಿನ ಕುಫ್ತ್ ಊರಿನವರ ವಿಷಯ ಹೇಳಿದೆ. 1890ರ ದಶಕದಲ್ಲಿ ಬ್ರಿಟಿಷ್ ಪುರಾತತ್ವಜ್ಞ ಫ್ಲಿಂಡರ್ಸ್ ಪೀಟ್ರಿ ಆ ಊರಿನ ಕೆಲಸಗಾರರಿಗೆ ಉತ್ಖನನದ ತರಬೇತಿ ಕೊಟ್ಟ. ಆಮೇಲೆ ತಲೆಮಾರುಗಳ ಕಾಲ ಅಪ್ಪನಿಂದ ಮಗನಿಗೆ ಆ ಕಸುಬು ಇಳಿದು ಬಂತು. ಬೇರೆ ಬೇರೆ ದೇಶದ ತಂಡಗಳು ಅವರನ್ನೇ ಹುಡುಕಿ ಕರೆಸಿಕೊಂಡವು. ವರದಿಯ ಮುಖಪುಟದಲ್ಲಿ ಹೆಸರು ಇಲ್ಲ ಅಂದಮಾತ್ರಕ್ಕೆ ಅವರಿಗೆ ವಿದ್ಯೆ ಇರಲಿಲ್ಲವೇ?

ನನ್ನ ಸಲಹೆ ಇಷ್ಟು. ನೀನು ಮಾಡಿದ ಕೂಲಿ ಕೆಲಸವನ್ನು ಕಾಲಂನಲ್ಲಿ ಬರೆ: ಯಾವ ಜಾಗ, ಯಾವ ವರ್ಷ, ಏನು ಕೆಲಸ, ಯಾರ ಕೈಕೆಳಗೆ. ಬಡತನದ ಕಥೆ ಬೇಡ. ಅಪ್ಪನ ವಿಷಯ ಹೇಳುವುದು, ಬಿಡುವುದು ನಿನ್ನಿಷ್ಟ.

ಸಹೋದ್ಯೋಗಿಯೊಬ್ಬರಿಗೆ ಇದು ಹಿಡಿಸಲಿಲ್ಲ. ಬದಲಾಗಬೇಕಾದ್ದು ಆಯ್ಕೆ ಸಮಿತಿ, ಹುಡುಗಿ ಯಾಕೆ ತನ್ನನ್ನು ತೆರೆದಿಡಬೇಕು ಅಂದರು. ನಿಜ, ಪೂರ್ವಗ್ರಹ ಇದೆ, ಕೆಲಸ ಕೈತಪ್ಪಲೂಬಹುದು. ಅದನ್ನು ಅವಳಿಗೆ ಮುಚ್ಚಿಡಲಿಲ್ಲ. ಆದರೆ ಸಮಿತಿ ಬದಲಾಗುವವರೆಗೆ ಅವಳು ಸುಮ್ನೆ ಕೂರಬೇಕಾ? ಬದಲಾವಣೆ ಬಂದರೂ ಎಲ್ಲರಿಗೂ ಒಟ್ಟಿಗೆ ಬರುವುದಿಲ್ಲ. ಬ್ರಿಟನ್ನಿನಲ್ಲಿ ಈ ವೃತ್ತಿಯ ಬಗ್ಗೆ 2020ರಲ್ಲಿ ನಡೆದ ಸಮೀಕ್ಷೆಯಲ್ಲಿ ಶೇ 47ರಷ್ಟು ಮಹಿಳೆಯರಿದ್ದರು. ಆದರೆ ಒಟ್ಟಾರೆ ಶೇ 97ರಷ್ಟು ಬಿಳಿಯರೇ. ಹೆಂಗಸರಿಗೆ ಬಾಗಿಲು ತೆರೆಯಿತು ಅಂದಮಾತ್ರಕ್ಕೆ ಉಳಿದವರೂ ಒಳಗೆ ಬರುತ್ತಾರೆ ಅಂತಿಲ್ಲ.

ಸಮಿತಿಯಲ್ಲಿ ಕೂರುವವರಿಗೂ ಒಂದು ಮಾತು. 'ಇಷ್ಟು ವಾರದ ಶಿಬಿರ' ಅನ್ನುವ ಬದಲು ಏನು ಮಾಡಲು ಬರಬೇಕು ಅಂತ ಬರೆಯಿರಿ. ಕೂಲಿಗೆ ಮಾಡಿದ ಕೆಲಸವನ್ನೂ ಅನುಭವ ಅಂತ ಲೆಕ್ಕ ಹಿಡಿಯಿರಿ. ಮಡಕೆ ಚೂರುಗಳ ಒಂದು ತಟ್ಟೆ ಮುಂದಿಟ್ಟು ವಿಂಗಡಿಸಲು ಹೇಳಿ. ಆ ಹುಡುಗಿ ಮುಂದಿನ ಅರ್ಜಿಯಲ್ಲಿ ಕಾಲಂ ತುಂಬಿದ್ದಾಳೆ, ಉತ್ತರ ಇನ್ನೂ ಬಂದಿಲ್ಲ.