ದೊಡ್ಡಮ್ಮನಿಗೆ ಟ್ಯಾಬೋ, ಫೋನೋ?

ನೀವು ಕೇಳಿದ್ದು ಇಷ್ಟು. ಹೊಸದಾಗಿ ಹೊರದೇಶಕ್ಕೆ ಬಂದಿದ್ದೀರಿ. ನಿಮ್ಮನ್ನು ಸಾಕಿದ ದೊಡ್ಡಮ್ಮ ಊರಿನಲ್ಲಿ ಒಬ್ಬರೇ ಇದ್ದಾರೆ, ವಯಸ್ಸು 76. ಕಣ್ಣು ಸ್ವಲ್ಪ ಮಂದ, ಕಿವಿಗೆ ಮೆಷಿನ್ ಹಾಕಿಕೊಳ್ಳುತ್ತಾರೆ. ಕೈಯಲ್ಲಿರುವುದು ಬಟನ್ ಫೋನು. ಮಹಡಿ ಮನೆಯಲ್ಲಿ ಅವರ ತಮ್ಮನ ಮಗ ಇದ್ದಾನೆ. ವಿಡಿಯೊ ಕಾಲ್‌ಗೆ ಟ್ಯಾಬ್ ಕೊಡಿಸಲಾ, ದೊಡ್ಡ ಫೋನ್ ಕೊಡಿಸಲಾ, ಇಲ್ಲಿಂದಲೇ ತಗೊಂಡು ಕಳಿಸಲಾ ಅಂತ.

ನಾನು ಊರು ಬಿಟ್ಟು ಬಹಳ ವರ್ಷವಾಯಿತು. ಹೊಸದಾಗಿ ಬಂದವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳುತ್ತಾರೆ, ಎಲ್ಲರೂ ಮಾಡೆಲ್ ಹೆಸರಿನಿಂದಲೇ ಶುರು ಮಾಡುತ್ತಾರೆ. ಮಾಡೆಲ್ ಆಮೇಲೆ ನೋಡೋಣ. ನಿಮ್ಮ ದೊಡ್ಡಮ್ಮನ ಮಟ್ಟಿಗೆ ನಾನು ಹೇಳುವುದು: ಬಟನ್ ಫೋನ್ ಹಾಗೇ ಇರಲಿ. ಅದರ ಜೊತೆಗೆ ಒಂದು ಆಂಡ್ರಾಯ್ಡ್ ಟ್ಯಾಬ್, ಗಟ್ಟಿ ಸ್ಟ್ಯಾಂಡ್ ಸಮೇತ. ಮಹಡಿ ಮನೆಯ ಹುಡುಗನಿಗೆ ಯಾವ ಕಂಪನಿಯದು ಪರಿಚಯವೋ ಅದೇ ಕಂಪನಿಯದು.

ಬಟನ್ ಫೋನ್ ಯಾಕೆ ಕಸಿಯಬಾರದು ಅಂದರೆ, ಅದು ಅವರ ಬೆರಳಿಗೆ ಬಾಯಿಪಾಠ ಆಗಿದೆ. ಕರೆಂಟು ಹೋದರೆ ರೂಟರ್ ಆಫ್ ಆಗುತ್ತದೆ, ವೈಫೈ ಟ್ಯಾಬ್ ಆಗ ಬರೀ ಹಲಗೆ. ರಾತ್ರಿ ಹೊತ್ತು ಎದೆ ನೋವು ಅಂತ ಯಾರನ್ನಾದರೂ ಕರೆಯಬೇಕಾದರೆ ಬೇಕಾಗುವುದು ಆ ಬಟನ್ ಫೋನೇ. ಬ್ಯಾಂಕಿನ ಓಟಿಪಿ ಬರುವುದೂ ಅದಕ್ಕೇ. ಒಂದನ್ನು ಮಾತ್ರ ವಿಚಾರಿಸಿಕೊಳ್ಳಿ. ಹಳೆಯ 2ಜಿ, 3ಜಿ ಜಾಲವನ್ನು ಹಲವು ದೇಶಗಳಲ್ಲಿ ಒಂದೊಂದಾಗಿ ಮುಚ್ಚುತ್ತಿದ್ದಾರೆ. ಅವರ ಫೋನ್ ಬರೀ 2ಜಿಯದಾಗಿದ್ದರೆ, ಅದೇ ಥರದ 4ಜಿ ಬಟನ್ ಫೋನಿಗೆ ಈಗಲೇ ಬದಲಾಯಿಸಿಬಿಡಿ.

ಇನ್ನು ಟ್ಯಾಬ್. ದೊಡ್ಡ ಪರದೆ ಕಣ್ಣಿಗೆ ಒಳ್ಳೆಯದು, ಅದು ಎಲ್ಲರಿಗೂ ಗೊತ್ತು. ಆದರೆ ಹತ್ತು-ಹನ್ನೊಂದು ಇಂಚಿನ ಟ್ಯಾಬ್ ಹೆಚ್ಚುಕಡಿಮೆ ಅರ್ಧ ಕೆಜಿ ತೂಗುತ್ತದೆ. ಹತ್ತು ನಿಮಿಷ ಕೈಯಲ್ಲಿ ಹಿಡಿದು ಮಾತಾಡಿ ನೋಡಿ, ನಿಮಗೇ ಮಣಿಕಟ್ಟು ಸೋಲುತ್ತದೆ. ಕೈ ಸೋತಾಗ ಏನಾಗುತ್ತದೆ ಅಂದರೆ, ಟ್ಯಾಬ್ ನಿಧಾನವಾಗಿ ಮಡಿಲಿಗೆ ಇಳಿಯುತ್ತದೆ. ಇತ್ತ ನಮಗೆ ಕಾಣುವುದು ಗಲ್ಲ, ಮೂಗಿನ ಹೊಳ್ಳೆ, ತಿರುಗುವ ಫ್ಯಾನು. ನಮ್ಮ ಅಪ್ಪನ ಜೊತೆ ಎಷ್ಟೋ ಕಾಲ ಫ್ಯಾನ್ ನೋಡಿಕೊಂಡೇ ಮಾತಾಡಿದ್ದೇನೆ. ಅದಕ್ಕೇ ಸ್ಟ್ಯಾಂಡ್. ಮೇಜಿನ ಮೇಲೆ, ಅವರು ದಿನಾ ಕೂರುವ ಕುರ್ಚಿಯ ಎದುರಿಗೆ, ಚಾರ್ಜರ್ ಸಿಕ್ಕಿಸಿಯೇ ಇರಲಿ. ಕಿಟಕಿ ಅವರ ಬೆನ್ನ ಹಿಂದೆ ಇರಬಾರದು, ಮುಖ ಕಪ್ಪಾಗಿ ಕಾಣುತ್ತದೆ.

ಸ್ಟ್ಯಾಂಡಿನಲ್ಲಿ ಟ್ಯಾಬ್ ಅಡ್ಡಡ್ಡ ಕೂರುತ್ತದೆ ಅಲ್ವಾ? ಆದ್ದರಿಂದ ಮುಂದಿನ ಕ್ಯಾಮೆರಾ ಉದ್ದನೆಯ ಅಂಚಿನ ನಡುವೆ ಇರಬೇಕು. ಗಿಡ್ಡ ಅಂಚಿನಲ್ಲಿದ್ದರೆ ಅವರು ನಿಮ್ಮನ್ನೇ ನೋಡುತ್ತಿದ್ದರೂ ಪಕ್ಕದ ಗೋಡೆ ನೋಡಿದ ಹಾಗೆ ಕಾಣುತ್ತದೆ. ಸಾದಾ ಐಪ್ಯಾಡ್‌ನಲ್ಲಿ ಈ ಕ್ಯಾಮೆರಾ ಉದ್ದನೆಯ ಅಂಚಿಗೆ ಬಂದದ್ದೇ 2022ರ ಮಾಡೆಲಿನಲ್ಲಿ. ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಎರಡೂ ಥರ ಸಿಗುತ್ತವೆ, ಚಿತ್ರ ನೋಡಿ ತಗೊಳ್ಳಿ. ಪ್ರೊಸೆಸರ್, ಮೆಗಾಪಿಕ್ಸೆಲ್ ಅಂತ ತಲೆ ಕೆಡಿಸಿಕೊಳ್ಳುವುದಕ್ಕಿಂತ ಇದು ಮುಖ್ಯ.

ಕಿವಿಯ ವಿಷಯ ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನ್ನ ಪ್ರಕಾರ ನಿರ್ಧಾರ ಆಗಬೇಕಾದ್ದೇ ಅಲ್ಲಿಂದ. ವಯಸ್ಸಾದಂತೆ ಮೊದಲು ಕಡಿಮೆಯಾಗುವುದು ತೀಕ್ಷ್ಣ ಸ್ವರಗಳು. ಸ, ತ, ಫ ಥರದ ಅಕ್ಷರಗಳು ಜಾರಿಹೋಗುತ್ತವೆ, ಹಾಗಾಗಿ ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಎದುರಿನವರ ತುಟಿ ಕಂಡರೆ ಅರ್ಧ ಮಾತು ಕಣ್ಣಿಗೇ ತಿಳಿಯುತ್ತದೆ. ಟ್ಯಾಬ್‌ನಲ್ಲಿ ನಿಮ್ಮ ಮುಖ ದೊಡ್ಡದಾಗಿ ಕಾಣುವುದರಿಂದ ಆಗುವ ನಿಜವಾದ ಉಪಕಾರ ಇದು. ಹಾಗಂತ ನೀವು ಕತ್ತಲ ಕೋಣೆಯಲ್ಲಿ ಕೂತು, ನಡೆದಾಡುತ್ತಾ ಮಾತಾಡಿದರೆ ಏನೂ ಪ್ರಯೋಜನ ಇಲ್ಲ. ಕಿವಿಗೆ ಮೆಷಿನ್ ಇದ್ದವರು ಫೋನನ್ನು ಕಿವಿಗೆ ಒತ್ತಿ ಹಿಡಿದರೆ ಕೆಲವೊಮ್ಮೆ ಕುಂಯ್ ಅನ್ನುತ್ತದೆ. ಎದುರಿಗಿಟ್ಟ ಟ್ಯಾಬ್‌ನ ಸ್ಪೀಕರಿಗೆ ಆ ಕಾಟ ಇಲ್ಲ. ಹೊಸ ಮೆಷಿನ್‌ಗಳಲ್ಲಿ ಕೆಲವು ಬ್ಲೂಟೂತ್‌ನಿಂದ ನೇರ ಜೋಡಿಸಿಕೊಳ್ಳುತ್ತವೆ, ಆದರೆ ಎಲ್ಲವೂ ಎಲ್ಲ ಸಾಧನಕ್ಕೂ ಹೊಂದುವುದಿಲ್ಲ. ಕೆಲವಕ್ಕೆ ಐಫೋನ್, ಐಪ್ಯಾಡ್ ಮಾತ್ರ ಸರಿಹೋಗುತ್ತದೆ. ದೊಡ್ಡಮ್ಮನ ಮೆಷಿನ್ ಅಂಥದ್ದಾದರೆ ನಾನು ಮೇಲೆ ಹೇಳಿದ ಆಂಡ್ರಾಯ್ಡ್ ಮಾತು ಬಿಟ್ಟುಬಿಡಿ. ಮೆಷಿನ್ ಕೊಟ್ಟವರಿಗೆ ಒಂದು ಫೋನ್ ಮಾಡಿ ಕೇಳಿದರೆ ಗೊತ್ತಾಗುತ್ತದೆ.

ಇನ್ನೊಂದು, ಬೆರಳು. ವಯಸ್ಸಾದವರ ಚರ್ಮ ಒಣಗಿರುತ್ತದೆ, ಟಚ್ ಪರದೆ ಅದನ್ನು ಸರಿಯಾಗಿ ಗುರುತಿಸುವುದಿಲ್ಲ. ಮುಟ್ಟಿದ್ದು ತಿಳಿಯಲಿಲ್ಲ ಅಂತ ಅವರು ಇನ್ನೂ ಒತ್ತಿ ಹಿಡಿಯುತ್ತಾರೆ. ಒತ್ತಿ ಹಿಡಿದರೆ ಐಕಾನ್ ಅಲ್ಲಾಡಿ ಇನ್ನೆಲ್ಲಿಗೋ ಹೋಗಿ ಕೂರುತ್ತದೆ, ಇಲ್ಲವೇ ಯಾವುದೋ ಮೆನು ತೆರೆದುಕೊಳ್ಳುತ್ತದೆ. "ನನ್ನ ಫೋನಿನಲ್ಲಿ ಎಲ್ಲ ಮಾಯವಾಯಿತು" ಅನ್ನುವ ದೂರು ಹುಟ್ಟುವುದು ಹೀಗೆ. ಸೆಟ್ಟಿಂಗ್‌ನ ಆಕ್ಸೆಸಿಬಿಲಿಟಿ ಭಾಗದಲ್ಲಿ ಒತ್ತಿ ಹಿಡಿಯುವ ಅವಧಿಯನ್ನು ಜಾಸ್ತಿ ಮಾಡಬಹುದು. ಸ್ಯಾಮ್‌ಸಂಗ್ ಫೋನಿನ ಈಸಿ ಮೋಡ್ ಇದನ್ನೂ ಅಕ್ಷರ ದೊಡ್ಡದು ಮಾಡುವುದನ್ನೂ ಒಟ್ಟಿಗೆ ಮಾಡಿಕೊಡುತ್ತದೆ. ಐಫೋನ್, ಐಪ್ಯಾಡ್‌ಗಳಲ್ಲಿ 2023ರಿಂದ ಅಸಿಸ್ಟಿವ್ ಆಕ್ಸೆಸ್ ಅಂತ ಇದೆ. ಪರದೆಯ ಮೇಲೆ ನಾಲ್ಕೇ ದೊಡ್ಡ ಚೌಕ ಇಟ್ಟು, ನೀವು ಆರಿಸಿದವರಿಗೆ ಮಾತ್ರ ಕರೆ ಹೋಗುವ ಹಾಗೆ ಮಾಡಬಹುದು. ಇಷ್ಟು ಚೆನ್ನಾಗಿ ಯೋಚಿಸಿ ಮಾಡಿದ್ದು ಆಂಡ್ರಾಯ್ಡ್‌ನಲ್ಲಿ ನಾನಂತೂ ಕಂಡಿಲ್ಲ.

ಹಾಗಾದರೆ ಐಪ್ಯಾಡೇ ಯಾಕೆ ಬೇಡ? ಬಟನ್ ಫೋನಿನಿಂದಾಗಿ. ಐಪ್ಯಾಡಿಗೆ ವಾಟ್ಸಾಪ್ ಬಂದದ್ದು 2025ರ ಮೇ ತಿಂಗಳಿನಲ್ಲಿ, ಅದೂ ಸ್ಮಾರ್ಟ್‌ಫೋನಿನಲ್ಲಿ ಇರುವ ಖಾತೆಗೆ ಜೋಡಿಸಿಕೊಳ್ಳುವ ಆಪ್ ಆಗಿ. ದೊಡ್ಡಮ್ಮನ ಹತ್ತಿರ ಅಂಥ ಫೋನ್ ಇಲ್ಲ. ಇನ್ನೊಬ್ಬರ ಫೋನಿಗೆ ಜೋಡಿಸಿದರೆ ಅವರ ಮೆಸೇಜೆಲ್ಲ ಐಪ್ಯಾಡಿನಲ್ಲಿ ಕಾಣುತ್ತದೆ, ಮೇಲಾಗಿ ಆ ಫೋನನ್ನು 14 ದಿನ ಬಳಸದಿದ್ದರೆ ಜೋಡಣೆ ಕಳಚಿಕೊಳ್ಳುತ್ತದೆ. ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ಹಾಗಲ್ಲ. ಬಟನ್ ಫೋನಿನ ನಂಬರ್ ಕೊಟ್ಟು, ಅದಕ್ಕೆ ಬರುವ ಕೋಡ್ ಹಾಕಿದರೆ ಟ್ಯಾಬ್‌ನಲ್ಲೇ ಖಾತೆ ತೆರೆಯುತ್ತದೆ. ನೀವೂ ಐಫೋನ್ ಬಳಸುವವರಾದರೆ ಆಪಲ್‌ನದೇ ವಿಡಿಯೊ ಕಾಲ್ ಆಪ್ ಫೇಸ್‌ಟೈಮ್ ಸಾಕು, ಅದಕ್ಕೆ ನಂಬರೇ ಬೇಡ, ಆಪಲ್ ಖಾತೆ ಇದ್ದರಾಯಿತು. ಆದರೆ ಆಂಡ್ರಾಯ್ಡ್ ಇರುವ ನೆಂಟರು ಅದಕ್ಕೆ ಬರಬೇಕಾದರೆ ಯಾರಾದರೂ ಲಿಂಕ್ ಕಳಿಸಬೇಕು. ಆ ಕೆಲಸ ದೊಡ್ಡಮ್ಮನಿಂದ ಆಗುತ್ತದೆಯೇ?

ನೀವಿರುವ ದೇಶ ಯಾವುದು ಅಂತ ಬರೆದಿಲ್ಲ. ಯುಎಇ ಆದರೆ ಈ ಲೆಕ್ಕವೇ ಬೇರೆ. ಅಲ್ಲಿ ವಾಟ್ಸಾಪ್ ಕಾಲ್ ನಡೆಯುವುದಿಲ್ಲ, ಬಾಟಿಮ್‌ನಂತಹ ಅಲ್ಲಿ ಅನುಮತಿ ಇರುವ ಆಪ್ ಬೇಕು. ಟ್ಯಾಬ್‌ನಲ್ಲಿ ಅದನ್ನೇ ಹಾಕಿಸಿ.

ಅವರು ಮನೆಯೊಳಗೇ ಓಡಾಡಿಕೊಂಡು, ಒಂದು ಕಡೆ ಕೂರದ ಸ್ವಭಾವದವರಾದರೆ ನಾನು ಫೋನೇ ಅನ್ನುತ್ತಿದ್ದೆ. ಇನ್ನೂರು ಗ್ರಾಂ, ಸೆರಗಿನ ಮರೆಯಲ್ಲೂ ಬರುತ್ತದೆ. ಬಾಯಲ್ಲಿ ಹೇಳಿದರೆ ಕೆಲಸ ಮಾಡುವ ಅಲೆಕ್ಸಾ ಪರದೆಯ ಸಾಧನಗಳಲ್ಲಿ ಡ್ರಾಪ್ ಇನ್ ಅಂತ ಒಂದಿದೆ, ಮೊದಲೇ ಒಪ್ಪಿಗೆ ಪಡೆದವರ ಕರೆಯನ್ನು ಅದು ತಾನೇ ಎತ್ತಿಕೊಳ್ಳುತ್ತದೆ. ಹಾಸಿಗೆ ಹಿಡಿದವರಿಗೆ ವರ. ಓಡಾಡುವವರ ಮನೆಯಲ್ಲಿ ನನಗೆ ಇಷ್ಟವಿಲ್ಲ. ಅವರು ಹೇಗಿದ್ದಾರೋ, ಯಾರು ಬಂದಿದ್ದಾರೋ, ನಾವು ಧುತ್ತೆಂದು ಗೋಡೆಯ ಮೇಲೆ ಪ್ರತ್ಯಕ್ಷ ಆಗುವುದು ಚೆನ್ನಾಗಿರುವುದಿಲ್ಲ.

ಟ್ಯಾಬ್ ಬಂದ ಮೇಲೆ ಹುಡುಗನಿಂದ ಮಾಡಿಸಬೇಕಾದ ಕೆಲಸ ಸ್ವಲ್ಪ ಇದೆ. ನಿಮ್ಮ ಫೋಟೊ ಇರುವ ವಾಟ್ಸಾಪ್ ಶಾರ್ಟ್‌ಕಟ್ ಮುಖಪುಟದಲ್ಲಿ ಇಡಲಿ, ಉಳಿದ ಐಕಾನ್ ತೆಗೆಯಲಿ. ಬ್ಯಾಟರಿ ಉಳಿತಾಯದ ಹೆಸರಿನಲ್ಲಿ ಕೆಲವು ಕಂಪನಿಯ ಸಾಧನಗಳು ವಾಟ್ಸಾಪನ್ನೇ ಮಲಗಿಸಿಬಿಡುತ್ತವೆ, ನೀವು ಎಷ್ಟು ಕರೆದರೂ ಅಲ್ಲಿ ರಿಂಗ್ ಆಗುವುದಿಲ್ಲ. ವಾಟ್ಸಾಪಿಗೆ ಆ ನಿರ್ಬಂಧ ತೆಗೆಸಿ. ಆಮೇಲೆ ಕರೆ ಎತ್ತುವುದು. ಪರದೆ ಲಾಕ್ ಆಗಿದ್ದಾಗ ಹಸಿರು ಗುಂಡಿಯನ್ನು ಮುಟ್ಟಿದರೆ ಸಾಲದು, ಮೇಲಕ್ಕೆ ಸರಿಸಬೇಕು. ಬಟನ್ ಒತ್ತಿ ಅಭ್ಯಾಸ ಆದವರಿಗೆ ಇದು ಹೊಳೆಯುವುದೇ ಇಲ್ಲ, ಒತ್ತುತ್ತಲೇ ಇರುತ್ತಾರೆ, ಅಷ್ಟರಲ್ಲಿ ಕರೆ ಕಟ್ ಆಗುತ್ತದೆ. ಮಹಡಿಯಿಂದ ಹುಡುಗ ಕರೆ ಮಾಡಲಿ, ಕೆಳಗೆ ದೊಡ್ಡಮ್ಮ ಎತ್ತಲಿ. ಒಂದು ವಾರ ಆಟದ ಹಾಗೆ ಮಾಡಿದರೆ ಕೈಗೆ ಬರುತ್ತದೆ. ನೀವು ಇಲ್ಲಿಂದ ಹೇಳಿಕೊಡಲು ಹೋಗಬೇಡಿ. ಕರೆ ಎತ್ತುವುದನ್ನು ಕರೆಯಲ್ಲೇ ಕಲಿಸುವುದು ಹೇಗೆ, ಹೇಳಿ!

ಮೋಸಗಾರರ ಬಗ್ಗೆ ಭಯ ಬೇಡ, ಎಚ್ಚರ ಬೇಕು. ವಾಟ್ಸಾಪ್‌ನಲ್ಲಿ ಗೊತ್ತಿಲ್ಲದ ನಂಬರಿನ ಕರೆ ರಿಂಗ್ ಆಗದ ಹಾಗೆ ಮಾಡುವ ಸೆಟ್ಟಿಂಗ್ ಇದೆ, ಹಾಕಿಸಿ. ಟೂ ಸ್ಟೆಪ್ ಪಿನ್ ಹಾಕಿಸಿ (ಆ ನಂಬರಿನ ವಾಟ್ಸಾಪನ್ನು ಬೇರೆ ಸಾಧನದಲ್ಲಿ ತೆರೆಯಲು ಹೋದರೆ ಕೇಳುವ ಗುಟ್ಟಿನ ಸಂಖ್ಯೆ), ಆ ಪಿನ್ ನಿಮ್ಮ ಹತ್ತಿರವೂ ಇರಲಿ. ಬ್ಯಾಂಕ್ ಆಪ್ ಟ್ಯಾಬ್‌ನಲ್ಲಿ ಬೇಡವೇ ಬೇಡ. ವಿಡಿಯೊ ಕಾಲ್‌ನಲ್ಲೇ ಪರದೆ ಹಂಚಿಕೊಂಡು ತೋರಿಸುವ ಸೌಕರ್ಯ ಇದೆ. ಅದನ್ನು ಹುಡುಗನಿಗೆ ಕಲಿಸಿ, ದೊಡ್ಡಮ್ಮನಿಗೆ ಕಲಿಸಬೇಡಿ. ಮೋಸ ಮಾಡುವವರು ಮೊದಲು ಕೇಳುವುದೂ "ನಿಮ್ಮ ಪರದೆ ತೋರಿಸಿ" ಅಂತಲೇ.

ಕೊಳ್ಳುವುದು ಎಲ್ಲಿ? ಅವರಿರುವಲ್ಲೇ ಕೊಳ್ಳಿ. ಗಾಜು ಒಡೆದರೆ, ಚಾರ್ಜರ್ ಹಾಳಾದರೆ ಅಲ್ಲೇ ಸರಿಹೋಗಬೇಕು. ಮುಂದೆ ಯಾವಾಗಲಾದರೂ ಐಫೋನ್ ಕಳಿಸುವ ಮನಸ್ಸಾದರೆ ಇದು ನೆನಪಿರಲಿ: ಅಮೆರಿಕದಲ್ಲಿ ಮಾರುವ ಐಫೋನ್ 14 ಮತ್ತು ಆಮೇಲಿನವಕ್ಕೆ ಸಿಮ್ ಹಾಕುವ ಜಾಗವೇ ಇಲ್ಲ, ಫೋನಿನೊಳಗೇ ಇರುವ ಇ-ಸಿಮ್ ಮಾತ್ರ. ನೀವು ಬಳಸಿ ಬಿಟ್ಟ ಹಳೆಯ ಟ್ಯಾಬ್ ಕಳಿಸುವುದಾದರೆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಅಪ್‌ಡೇಟ್ ಇನ್ನೂ ಬರುತ್ತಿದೆಯಾ ಅಂತ ನೋಡಿ. ಅಪ್‌ಡೇಟ್ ನಿಂತ ಸಾಧನದಲ್ಲಿ ಒಂದು ದಿನ ವಾಟ್ಸಾಪೂ ನಿಲ್ಲುತ್ತದೆ.

ಮೊದಲು ಮೆಷಿನ್ ಕೊಟ್ಟವರನ್ನು ವಿಚಾರಿಸಿ, ಹುಡುಗನ ಹತ್ತಿರ ಯಾವ ಫೋನ್ ಇದೆ ಅಂತ ಕೇಳಿ. ಎರಡೂ ತಿಳಿದ ಮೇಲೆ ಮತ್ತೆ ಬರೆಯಿರಿ, ಮಾಡೆಲ್ ಆಗ ನೋಡೋಣ.